ವಿದ್ಯುತ್ತಿನ ಹಾದಿಯ ಸಂದುಗಳು

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಬೇಸಿಗೆಯ ಒಂದು ಸಂಜೆ. ಹಗಲೆಲ್ಲ ಕಾದ ಗೋಡೆಗಳು ಇನ್ನೂ ತಣಿದಿರುವುದಿಲ್ಲ. ಮನೆಮನೆಯಲ್ಲಿಯೂ ಫ್ಯಾನುಗಳು ತಿರುಗುತ್ತಿರುತ್ತವೆ; ತೊಟ್ಟಿಗೆ ನೀರೇರಿಸುವ ಪಂಪುಗಳು ಓಡುತ್ತಿರುತ್ತವೆ. ಅಂಥ ಹೊತ್ತಿನಲ್ಲಿ ಬೀದಿಯ ಕಂಬವೊಂದರ ತಲೆಯಲ್ಲಿ ಚಟಚಟನೆ ಸದ್ದಾಗಿ, ನೀಲಿ ಕಿಡಿಗಳು ಉದುರಿ, ಸಾಲುಮನೆಗಳ ದೀಪಗಳು ಒಮ್ಮೆ ಮಂಕಾಗಿ ಮತ್ತೆ ಬೆಳಗುವುದು ಯಾವ ಊರಿನವರಿಗೂ ಹೊಸದಲ್ಲ. ಸ್ವಲ್ಪ ಹೊತ್ತಿನಲ್ಲಿ ಲೈನ್‌ಮನ್ ಬರುತ್ತಾನೆ. ಟಿ.ಸಿ. ಎಂದು ಜನರು ಕರೆಯುವ ಪರಿವರ್ತಕದ ಬಳಿ ವಿದ್ಯುತ್ತನ್ನು ಕಡಿದು, ತಂತಿಗೆ ಭೂಸಂಪರ್ಕ ಕೊಟ್ಟು, ಕೈಗವಸು ತೊಟ್ಟು ಕಂಬವನ್ನೇರುತ್ತಾನೆ. ಕೆಳಗೆ ಹುಡುಗರ ಗುಂಪು ಕತ್ತೆತ್ತಿ ನೋಡುತ್ತ ನಿಂತಿರುತ್ತದೆ.

“ತಂತಿ ಹರಿದೈತೇನಣ್ಣಾ?” ಎಂದು ಅವರಲ್ಲೊಬ್ಬನು ಕೇಳುತ್ತಾನೆ.

“ತಂತಿಗೇನೂ ಆಗಿಲ್ಲ ತಮ್ಮಾ, ಜಾಯಿಂಟ್ ಲೂಸ್ ಆಗೈತಿ” ಎಂಬ ಉತ್ತರ ಮೇಲಿನಿಂದ ಬರುತ್ತದೆ.

ಇಷ್ಟು ಚಿಕ್ಕ ಮಾತಿನಲ್ಲಿ ವಿದ್ಯುತ್ ಸಾಗಣೆಯ ಒಂದು ದೊಡ್ಡ ಸಂಗತಿ ಅಡಗಿದೆ. ತಂತಿಯು ತನ್ನ ಉದ್ದದಲ್ಲೆಲ್ಲ ಸೋಲುವುದು ವಿರಳ. ಅದು ಸೋಲುವುದು ಒಂದು ತುಂಡು ಇನ್ನೊಂದನ್ನು ಕೂಡುವ ಎಡೆಯಲ್ಲಿ. ಪಠ್ಯಪುಸ್ತಕಗಳಲ್ಲಿ ಅಣೆಕಟ್ಟಿನ ಚಿತ್ರವಿರುತ್ತದೆ, ಧುಮ್ಮಿಕ್ಕುವ ಜಲಪಾತದ ಚಿತ್ರವಿರುತ್ತದೆ. ಸಂದಿನ ಚಿತ್ರವನ್ನು ಮಾತ್ರ ಯಾರೂ ಅಚ್ಚು ಹಾಕಿಸುವುದಿಲ್ಲ. ಆದರೆ ವಿದ್ಯುತ್ತು ಜಲಪಾತದಿಂದ ಮನೆಯ ದೀಪದವರೆಗೆ ಬರುವಾಗ ದಾಟಬೇಕಾದ ಸಂದುಗಳು ಸಾವಿರಾರು.

ಎರಡು ಲೋಹದ ತುಂಡುಗಳನ್ನು ಒಂದಕ್ಕೊಂದು ಒತ್ತಿ ಹಿಡಿದರೆ ಅವು ಪೂರ್ಣವಾಗಿ ಕೂಡಿದವೆಂದು ಕಣ್ಣಿಗೆ ತೋರುತ್ತದೆ. ನಿಜ ಹಾಗಿಲ್ಲ. ಎಷ್ಟೇ ನಯಗೊಳಿಸಿದರೂ ಲೋಹದ ಮೈಯಲ್ಲಿ ಕಣ್ಣಿಗೆ ಕಾಣದ ದಿಬ್ಬಗಳೂ ತಗ್ಗುಗಳೂ ಇರುತ್ತವೆ. ಒಂದು ಬೆಟ್ಟಸಾಲಿನ ಮೇಲೆ ಇನ್ನೊಂದು ಬೆಟ್ಟಸಾಲನ್ನು ಮಗುಚಿ ಇಟ್ಟರೆ ಕೆಲವು ಶಿಖರಗಳಷ್ಟೇ ತಾಗುವಂತೆ, ಇಲ್ಲಿಯೂ ಕೆಲವು ಬಿಂದುಗಳು ಮಾತ್ರ ತಾಗುತ್ತವೆ. ಹರಿಯುವ ವಿದ್ಯುತ್ತೆಲ್ಲ ಆ ಕೆಲವು ಬಿಂದುಗಳ ಮೂಲಕವೇ ನುಸುಳಬೇಕು. ಸ್ವೀಡನ್ ಮೂಲದ ರಾಗ್ನರ್ ಹೋಮ್ ಎಂಬ ವಿಜ್ಞಾನಿಯು ತನ್ನ ಬಾಳಿನ ಬಹುಭಾಗವನ್ನು ಈ ತಾಗುವಿಕೆಯೊಂದರ ಅಧ್ಯಯನಕ್ಕೇ ಮೀಸಲಿಟ್ಟನು. ಇದರ ಮೇಲೆ ಅಲ್ಯೂಮಿನಿಯಮಿಗೆ ಇನ್ನೊಂದು ತೊಡಕಿದೆ. ಗಾಳಿ ಸೋಕಿದ ಕ್ಷಣದಲ್ಲಿಯೇ ಅದರ ಮೈಮೇಲೆ ಆಕ್ಸೈಡಿನ ತೆಳುಪೊರೆ ಕಟ್ಟಿಕೊಳ್ಳುತ್ತದೆ. ಆ ಪೊರೆಯು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಲೈನ್‌ಮನ್ ಸಂದನ್ನು ಬಿಗಿಮಾಡುವ ಮೊದಲು ತಂತಿಯ ತುದಿಯನ್ನು ಉಜ್ಜುವುದು ಈ ಕಾರಣದಿಂದಲೇ.

ಸಡಿಲವಾದ ಸಂದಿನಲ್ಲಿ ರೋಧ ಹೆಚ್ಚುತ್ತದೆ. ರೋಧ ಹೆಚ್ಚಿದಂತೆ ಬಿಸಿ ಹೆಚ್ಚುತ್ತದೆ. ಬಿಸಿಯಿಂದ ಪೊರೆ ಇನ್ನೂ ದಪ್ಪವಾಗಿ ಹಿಡಿತ ಇನ್ನೂ ಸಡಿಲವಾಗುತ್ತದೆ. ಒಮ್ಮೆ ಆರಂಭವಾದ ಕೇಡು ತಾನೇ ತನಗೆ ಮೇವು ಹಾಕಿಕೊಂಡು ಬೆಳೆಯುತ್ತದೆ. ಒಂದು ಚಿಕ್ಕ ಲೆಕ್ಕದಿಂದ ಇದರ ಪ್ರಮಾಣ ತಿಳಿಯುತ್ತದೆ. ದೊಡ್ಡ ಸಾಗಣೆ ಮಾರ್ಗವೊಂದರಲ್ಲಿ 3,000 ಆಂಪಿಯರ್ ವಿದ್ಯುತ್ತು ಹರಿಯುತ್ತಿದೆ ಎಂದು ಭಾವಿಸೋಣ. ಸಂದಿನ ರೋಧ ಓಮಿನ ಹತ್ತು ಲಕ್ಷ ಭಾಗಗಳಲ್ಲಿ ಹತ್ತು ಭಾಗದಷ್ಟಿದ್ದರೆ, ಅಂದರೆ 10 ಮೈಕ್ರೋ ಓಮ್ ಇದ್ದರೆ, ಅಲ್ಲಿ ಹುಟ್ಟುವ ಶಾಖ 90 ವ್ಯಾಟ್. ಅದು ಹಳೆಯ ಕಾಲದ ಬುರುಡೆ ದೀಪವೊಂದರಷ್ಟು. ಸಂದು ಅದನ್ನು ತಾಳಿಕೊಳ್ಳಬಲ್ಲದು. ರೋಧ 100 ಮೈಕ್ರೋ ಓಮಿಗೆ ಏರಿದರೆ ಶಾಖ 900 ವ್ಯಾಟ್. ಆಗ ಆ ಸಂದಿನೊಳಗೆ ಇಸ್ತ್ರಿಪೆಟ್ಟಿಗೆಯೊಂದನ್ನು ಹಗಲಿರುಳು ಉರಿಯಲು ಬಿಟ್ಟಂತಾಯಿತು.

ದೂರದ ವಿದ್ಯುತ್ ಸಾಗಣೆಯಲ್ಲಿ ಕನ್ನಡ ನಾಡಿಗೆ ಹಳೆಯ ಅನುಭವವಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸಂಸ್ಥಾನವು ಕೈಗೊಂಡ ಶಿವನಸಮುದ್ರದ ಯೋಜನೆ 1902ರಲ್ಲಿ ಫಲ ಕೊಟ್ಟಿತು. ಎ.ಸಿ. ಜೋಲಿ ದ ಲಾಟ್‌ಬಿನಿಯೇರ್ ಎಂಬ ಇಂಜಿನಿಯರ್ ಅದರ ರೂಪುರೇಷೆ ಹಾಕಿದವರು. ಯಂತ್ರಗಳು ಹಡಗಿನಲ್ಲಿ ಸಾಗರ ದಾಟಿ ಬಂದವು. ಭಾರವಾದ ಭಾಗಗಳನ್ನು ನದಿಯ ದಡಕ್ಕೆ ಸಾಗಿಸಲು ಆನೆಗಳನ್ನೂ ಬಳಸಿದರು. ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. ಅಷ್ಟು ಉದ್ದದ ಮಾರ್ಗ ಆಗ ಜಗತ್ತಿನಲ್ಲಿಯೇ ಅಪರೂಪ. ತಂತಿಯೇನೋ ಸುರುಳಿ ಸುರುಳಿಯಾಗಿ ಬರುತ್ತದೆ. ಒಂದು ಸುರುಳಿ ಮುಗಿದೆಡೆ ಇನ್ನೊಂದನ್ನು ಕೂಡಿಸಬೇಕು. 147 ಕಿಲೋಮೀಟರ್ ಉದ್ದಕ್ಕೂ ಹೊಲ, ಕೆರೆ, ಗುಡ್ಡಗಳ ಮೇಲೆ ಆ ಕೂಡಿಕೆಗಳನ್ನು ಮಾಡಿದ ಕೈಗಳ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪಗಳು ಬೆಳಗಿದುದು ಇದೇ ಶಿವನಸಮುದ್ರದ ವಿದ್ಯುತ್ತಿನಿಂದ.

ಆ ಮಾರ್ಗದ ವಿದ್ಯುತ್ ಒತ್ತಡ ಸುಮಾರು 35,000 ವೋಲ್ಟ್. ಇಂದು ನಾಡಿನ ಹೆದ್ದಾರಿಗಳ ಪಕ್ಕದಲ್ಲಿ ಕಾಣುವ ಎತ್ತರದ ಗೋಪುರಗಳ ಮೇಲೆ 2,20,000 ವೋಲ್ಟ್, 4,00,000 ವೋಲ್ಟ್ ಒತ್ತಡದ ತಂತಿಗಳು ಹಾಯುತ್ತವೆ. ಅವಕ್ಕೆ ಹೊದಿಕೆಯಿಲ್ಲ. ಸುತ್ತಲಿನ ಗಾಳಿಯೇ ಅವುಗಳ ಹೊದಿಕೆ. ಗಾಳಿಯು ಒಂದು ಸೆಂಟಿಮೀಟರಿಗೆ ಹೆಚ್ಚೆಂದರೆ 30,000 ವೋಲ್ಟ್ ತಡೆಯಬಲ್ಲದು. ಮಳೆ, ಧೂಳು, ಮೊನೆಗಳಿದ್ದರೆ ಅದಕ್ಕಿಂತ ಬಹಳ ಕಡಿಮೆ. ಆದುದರಿಂದ ತಂತಿಗಳನ್ನು ಎತ್ತರದಲ್ಲಿ, ಒಂದಕ್ಕೊಂದು ದೂರದಲ್ಲಿ ಇರಿಸಬೇಕು. ಕೆಳಗೆ ಅಗಲವಾದ ಪಟ್ಟಿಯನ್ನು ಬಿಡಬೇಕು. ಬಯಲುಸೀಮೆಯಲ್ಲಿ ಇದು ಸಾಧ್ಯ. ಮನೆಗೆ ಮನೆ ತಾಗಿಕೊಂಡಿರುವ ಬೆಂಗಳೂರಿನಂಥ ನಗರದ ನಡುವೆ ಇದು ಹೇಗೆ ಸಾಧ್ಯ? ವಾರಾಹಿಯ ವಿದ್ಯುದಾಗಾರದಂತೆ ಬಂಡೆಯನ್ನು ಕೊರೆದು ಭೂಮಿಯ ಒಳಗೆ ಯಂತ್ರಗಳನ್ನು ನಿಲ್ಲಿಸಿದ ಎಡೆಗಳಲ್ಲಿ, ಹುಟ್ಟಿದ ವಿದ್ಯುತ್ತನ್ನು ಇಕ್ಕಟ್ಟಾದ ಸುರಂಗದ ಮೂಲಕ ಮೇಲಕ್ಕೆ ತರಬೇಕಾಗುತ್ತದೆ. ಅಲ್ಲಿ ಗೋಪುರಕ್ಕೆ ಎಡೆಯೆಲ್ಲಿ?

ಈ ಪ್ರಶ್ನೆಗೆ ಒಂದು ಉತ್ತರವೆಂದರೆ ಹೊದಿಕೆಯುಳ್ಳ ನೆಲದಡಿಯ ಕೇಬಲ್ಲು. ಇನ್ನೊಂದು ಉತ್ತರ ಅನಿಲದ ಕೊಳವೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಹೆನ್ರಿ ಮೊಯ್ಸಾನ್ ಮತ್ತು ಪಾಲ್ ಲೆಬೋ ಎಂಬ ರಸಾಯನಶಾಸ್ತ್ರಜ್ಞರು ಗಂಧಕವನ್ನು ಫ್ಲೋರಿನ್ ಅನಿಲದೊಡನೆ ಸೇರಿಸಿ ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಹೊಸ ಅನಿಲವನ್ನು ಪಡೆದರು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಅದು ಉರಿಯುವುದಿಲ್ಲ. ಗಾಳಿಗಿಂತ ಐದು ಪಟ್ಟು ಭಾರ. ವಿದ್ಯುತ್ತನ್ನು ತಡೆಯುವುದರಲ್ಲಿ ಗಾಳಿಗಿಂತ ಎರಡೂವರೆಯಿಂದ ಮೂರು ಪಟ್ಟು ಸಮರ್ಥ. ಒತ್ತಡದಲ್ಲಿ ತುಂಬಿದರೆ ಅದರ ಸಾಮರ್ಥ್ಯ ಇನ್ನೂ ಹೆಚ್ಚುತ್ತದೆ. ಗಾಳಿಯಲ್ಲಿ ಹಲವು ಮೀಟರುಗಳ ಅಂತರ ಬೇಕಾದ ಎಡೆಯಲ್ಲಿ ಈ ಅನಿಲವಿದ್ದರೆ ಒಂದು ಗೇಣಿನ ಆಸುಪಾಸಿನ ಅಂತರ ಸಾಕಾಗುತ್ತದೆ. ಬೆಂಗಳೂರಿನ ಕೆಲವು ವಿದ್ಯುತ್ ಉಪಕೇಂದ್ರಗಳು ವಿಶಾಲವಾದ ಅಂಗಳದ ಬದಲು ಒಂದು ಕಟ್ಟಡದೊಳಗೆ ಅಡಗಿರುವುದು ಈ ಅನಿಲದ ಬಲದಿಂದಲೇ. ಇದೇ ಉಪಾಯವನ್ನು ಉದ್ದಕ್ಕೆ ಎಳೆದರೆ ಅನಿಲದ ಹೊದಿಕೆಯ ಸಾಗಣೆ ಮಾರ್ಗವಾಗುತ್ತದೆ.

ಅದರ ರಚನೆ ನೋಡಲು ಸರಳ. ಹೊರಗೆ ಅಲ್ಯೂಮಿನಿಯಮಿನ ದೊಡ್ಡ ಕೊಳವೆ. ನಾಲ್ಕು ಲಕ್ಷ ವೋಲ್ಟಿನ ಮಾರ್ಗವಾದರೆ ಅದರ ವ್ಯಾಸ ಸುಮಾರು ಅರ್ಧ ಮೀಟರ್. ಅದರ ನಟ್ಟನಡುವೆ ಇನ್ನೊಂದು ಕಿರಿಯ ಕೊಳವೆ. ವಿದ್ಯುತ್ತು ಹರಿಯುವುದು ಇದರಲ್ಲಿ. ಪರ್ಯಾಯ ವಿದ್ಯುತ್ತು ವಾಹಕದ ಹೊರಮೈಯನ್ನೇ ಹೆಚ್ಚಾಗಿ ಹಿಡಿದು ಹರಿಯುವುದರಿಂದ ವಾಹಕವನ್ನು ಘನವಾಗಿ ಮಾಡಿ ಲೋಹವನ್ನು ವ್ಯರ್ಥಗೊಳಿಸುವ ಅಗತ್ಯವಿಲ್ಲ. ಒಳಕೊಳವೆಯು ಹೊರಕೊಳವೆಗೆ ತಾಗದಂತೆ ಎಪಾಕ್ಸಿ ರಾಳದ ಆಧಾರಗಳು ಅದನ್ನು ಎತ್ತಿ ಹಿಡಿಯುತ್ತವೆ. ನಡುವಣ ತೆರವಿನಲ್ಲಿ ಅನಿಲ. ಜರ್ಮನಿಯ ಷ್ಲುಕ್ಸೆ ಎಂಬಲ್ಲಿಯ ಜಲವಿದ್ಯುತ್ ಯೋಜನೆಯಲ್ಲಿ 1970ರ ದಶಕದ ನಡುಭಾಗದಲ್ಲಿ ಇಂಥ ಮಾರ್ಗವನ್ನು ಬೆಟ್ಟದೊಳಗಿನ ಸುರಂಗದಲ್ಲಿ ಹಾಕಿದರು. 2001ರಲ್ಲಿ ಜಿನೀವಾ ನಗರದ ವಸ್ತುಪ್ರದರ್ಶನ ಮಂದಿರದ ಬಳಿ ಆಕಾಶದಲ್ಲಿ ಹಾಯುತ್ತಿದ್ದ ತಂತಿಗಳನ್ನು ಇಳಿಸಿ, ನೆಲದಡಿಯ ಸುರಂಗದಲ್ಲಿ ಕೊಳವೆಗಳನ್ನಿರಿಸಿದರು. ಅಲ್ಲಿ ತುಂಬಿದ್ದು ನೂರರಲ್ಲಿ ಎಂಬತ್ತು ಪಾಲು ಸಾರಜನಕ, ಇಪ್ಪತ್ತು ಪಾಲು ಮಾತ್ರ ಈ ಅನಿಲ.

ಆದರೆ ಅರ್ಧ ಕಿಲೋಮೀಟರ್ ಉದ್ದದ ಕೊಳವೆಯನ್ನು ಯಾವ ಕಾರ್ಖಾನೆಯೂ ಒಂದೇ ತುಂಡಾಗಿ ಕಳುಹಿಸಲಾರದು. ಲಾರಿಯಲ್ಲಿ ಹಿಡಿಸುವಷ್ಟು, ಎಂದರೆ ಸುಮಾರು ಹನ್ನೆರಡರಿಂದ ಹದಿನೆಂಟು ಮೀಟರಿನ ತುಂಡುಗಳಾಗಿ ಅದು ಬರುತ್ತದೆ. ಅಲ್ಲಿಗೆ ಪಿ.ಜೆ. ಬಡಾವಣೆಯ ಲೈನ್‌ಮನ್ ಹೇಳಿದ ಮಾತೇ ಮತ್ತೆ ಎದುರಾಗುತ್ತದೆ. ಕಂಬದ ಮೇಲಿನ ಸಂದು ಕಿಡಿ ಉದುರಿಸಿ ತನ್ನ ರೋಗವನ್ನು ತಾನೇ ಸಾರುತ್ತದೆ. ಕೊಳವೆಯೊಳಗಿನ ಸಂದಾದರೋ ಒಮ್ಮೆ ಮುಚ್ಚಿದ ಮೇಲೆ ಹಲವು ದಶಕಗಳ ಕಾಲ ಮನುಷ್ಯನ ಕಣ್ಣಿಗೆ ಬೀಳುವುದಿಲ್ಲ.

ಎರಡು ತುಂಡುಗಳನ್ನು ಬೆಸೆದುಬಿಟ್ಟರೆ ಆಗದೇ ಎಂದು ಕೇಳಬಹುದು. ಬೆಸುಗೆ ಒಳ್ಳೆಯ ಸಂದೇ ಸರಿ. ಅಲ್ಲಿ ದಿಬ್ಬತಗ್ಗುಗಳ ಕಾಟವಿಲ್ಲ, ಆಕ್ಸೈಡಿನ ಪೊರೆಯಿಲ್ಲ. ಲೋಹ ಲೋಹದೊಡನೆ ಒಂದಾಗುತ್ತದೆ. ಕರಗಿದ ಅಲ್ಯೂಮಿನಿಯಮಿಗೆ ಗಾಳಿ ತಾಗದಂತೆ ಆರ್ಗಾನ್ ಅನಿಲವನ್ನು ಊದುತ್ತ, ಕೊಳವೆಯ ಸುತ್ತ ತಾನೇ ತಿರುಗುವ ಯಂತ್ರದಿಂದ ಬೆಸುಗೆ ಹಾಕುವುದುಂಟು. ಆದರೆ ಎಲ್ಲ ಸಂದುಗಳನ್ನೂ ಬೆಸೆಯಲು ಲೋಹದ ಸ್ವಭಾವ ಬಿಡುವುದಿಲ್ಲ. ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿ ಹಾಕುವುದನ್ನು ಹಳ್ಳಿಗಳಲ್ಲಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಳಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿದಾಗ ಅದು ಹಿಗ್ಗುತ್ತದೆ. ಗಾಲಿಗೆ ತೊಡಿಸಿ ನೀರೆರೆದಾಗ ಕುಗ್ಗಿ ಬಿಗಿಯುತ್ತದೆ. ಅಲ್ಯೂಮಿನಿಯಮ್ ಕಬ್ಬಿಣಕ್ಕಿಂತಲೂ ಹೆಚ್ಚು ಹಿಗ್ಗುವ ಲೋಹ. ನೂರು ಮೀಟರಿನ ವಾಹಕವು 50 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದರೆ ಸುಮಾರು ಹನ್ನೊಂದೂವರೆ ಸೆಂಟಿಮೀಟರ್ ಉದ್ದವಾಗುತ್ತದೆ. ಸಂಜೆ ನಗರದ ದೀಪಗಳು ಹತ್ತಿದಾಗ ವಾಹಕ ಹಿಗ್ಗುತ್ತದೆ. ನಡುರಾತ್ರಿ ಊರು ಮಲಗಿದಾಗ ಕುಗ್ಗುತ್ತದೆ. ಹೊರಕೊಳವೆ ಅಷ್ಟು ಬಿಸಿಯಾಗದುದರಿಂದ ಅದರ ಹಿಗ್ಗು ಬೇರೆ. ಎರಡೂ ತುದಿಗಳನ್ನು ಬಿಗಿಯಾಗಿ ಬೆಸೆದ ವಾಹಕಕ್ಕೆ ಹಿಗ್ಗಲು ಎಡೆಯಿಲ್ಲದೆ ಬಾಗಬೇಕು, ಇಲ್ಲವೆ ಆಧಾರದ ರಾಳವನ್ನು ಸೀಳಬೇಕು.

ಆದ್ದರಿಂದ ನಿಗದಿಯಾದ ಅಂತರಗಳಲ್ಲಿ ಜಾರುವ ಸಂದನ್ನು ಇಡುತ್ತಾರೆ. ಒಂದು ತುಂಡಿನ ತುದಿ ಬಟ್ಟಲಿನಂತೆ, ಇನ್ನೊಂದರ ತುದಿ ಅದರೊಳಗೆ ಹೋಗುವ ಗೂಟದಂತೆ ಇರುತ್ತದೆ. ಬಟ್ಟಲಿನ ಒಳಸುತ್ತಿನಲ್ಲಿ ಲೋಹದ ಬೆರಳುಗಳೋ ತೆಳುಪಟ್ಟಿಗಳೋ ಸಾಲಾಗಿ ಕುಳಿತು, ಸ್ಪ್ರಿಂಗಿನ ಬಲದಿಂದ ಗೂಟವನ್ನು ಸುತ್ತಲೂ ಒತ್ತಿ ಹಿಡಿಯುತ್ತವೆ. ತಾಗುವ ಬಿಂದುಗಳು ಕೆಲವೇ ಎಂಬ ಕೊರತೆಗೆ ಇದು ಪರಿಹಾರ: ಬೆರಳುಗಳು ಹೆಚ್ಚಿದಷ್ಟೂ ತಾಗುವ ಎಡೆಗಳು ಹೆಚ್ಚು. ತಾಗುವ ಮೈಗೆ ಬೆಳ್ಳಿಯ ಲೇಪ ಕೊಡುತ್ತಾರೆ. ಗೂಟ ಹಿಂದೆ ಮುಂದೆ ಸರಿದರೂ ಬೆರಳುಗಳ ಹಿಡಿತ ತಪ್ಪುವುದಿಲ್ಲ. ಇಷ್ಟೆಲ್ಲದರ ಮೇಲೆ ದುಂಡಗೆ ನಯವಾದ ಲೋಹದ ಕವಚವೊಂದನ್ನು ಮುಚ್ಚುತ್ತಾರೆ. ಚೂಪಾದ ಮೊನೆಯಿದ್ದೆಡೆ ವಿದ್ಯುತ್ ಕ್ಷೇತ್ರ ದಟ್ಟೈಸುತ್ತದೆ. ದೇವಾಲಯದ ಶಿಖರದ ಮೇಲಿನ ಮಿಂಚುವಾಹಕಕ್ಕೆ ಮೊನೆ ಬೇಕು. ಕೊಳವೆಯೊಳಗೆ ಮೊನೆ ಶತ್ರು.

ಇಲ್ಲಿಯೇ ಒಂದು ಇಕ್ಕಟ್ಟು ತಲೆದೋರುತ್ತದೆ. ಜಾರುವ ಸಂದಿಲ್ಲದೆ ಮಾರ್ಗ ಬದುಕಲಾರದು. ಆದರೆ ಲೋಹದ ಮೇಲೆ ಲೋಹ ಜಾರಿದಲ್ಲೆಲ್ಲ ಸವೆತವಿದೆ. ಸವೆತವಿದ್ದಲ್ಲಿ ಪುಡಿ ಉದುರುತ್ತದೆ. ಕೆಲವೇ ಮಿಲಿಮೀಟರ್ ಉದ್ದದ ಲೋಹದ ಚೂರೊಂದು ಕೊಳವೆಯ ತಳದಲ್ಲಿ ಬಿದ್ದಿದ್ದರೆ ಸಾಕು. ವಿದ್ಯುತ್ ಕ್ಷೇತ್ರದಲ್ಲಿ ಅದು ಆವೇಶ ಪಡೆದು ಎದ್ದು ನಿಲ್ಲುತ್ತದೆ, ಹುರಿಗಡಲೆಯಂತೆ ಪುಟಿಯುತ್ತದೆ, ನಡುವಣ ವಾಹಕದತ್ತ ಹಾರುತ್ತದೆ. ಅನಿಲವು ತಡೆದುಕೊಂಡಿದ್ದ ಲಕ್ಷಾಂತರ ವೋಲ್ಟುಗಳು ಆ ಚೂರನ್ನೇ ಮೆಟ್ಟಿಲು ಮಾಡಿಕೊಂಡು ಒಂದೇ ಕ್ಷಣದಲ್ಲಿ ಹೊರಕೊಳವೆಗೆ ನೆಗೆದುಬಿಡಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧಿಕ ವೋಲ್ಟೇಜಿನ ಅಧ್ಯಯನ ಹಲವು ದಶಕಗಳಿಂದ ನಡೆದು ಬಂದಿದೆ. ಅಲ್ಲಿ ಪ್ರಾಧ್ಯಾಪಕರಾಗಿದ್ದ ಎಂ.ಎಸ್. ನಾಯ್ಡು ಅವರು ಅನಿಲದ ಹೊದಿಕೆಯ ಉಪಕೇಂದ್ರಗಳ ವಿಷಯವಾಗಿಯೇ ಒಂದು ಗ್ರಂಥ ಬರೆದಿದ್ದಾರೆ. ವಿ. ಕಾಮರಾಜು ಅವರೊಡನೆ ಅವರು ಬರೆದ ಅಧಿಕ ವೋಲ್ಟೇಜ್ ತಂತ್ರಜ್ಞಾನದ ಪಠ್ಯ ನಮ್ಮ ದೇಶದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಚಿರಪರಿಚಿತ. ದಾವಣಗೆರೆಯಲ್ಲಿ 1951ರಲ್ಲಿ ಆರಂಭವಾದ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜಿನಂಥ ಸಂಸ್ಥೆಗಳನ್ನು ಮುಂದೊಂದು ದಿನ ಸೇರುವವರಿಗೆ ಈ ಹೆಸರುಗಳು ಮತ್ತೆ ಎದುರಾಗಬಹುದು.

ಚೂರುಗಳನ್ನು ಹಿಡಿಯಲು ಇಂಜಿನಿಯರುಗಳು ಹೂಡಿದ ಉಪಾಯ ಇಲಿಬೋನಿನಂತೆ ಸರಳವಾದುದು. ಸಂದಿನ ಮತ್ತು ಆಧಾರಗಳ ಬಳಿ, ಕೊಳವೆಯ ತಳದಲ್ಲಿ, ಸೀಳುಗಳುಳ್ಳ ಲೋಹದ ತಗಡನ್ನು ಇರಿಸುತ್ತಾರೆ. ಪುಟಿಯುತ್ತ ಬಂದ ಚೂರು ಸೀಳಿನೊಳಗೆ ಬಿದ್ದರೆ ಅಲ್ಲಿ ವಿದ್ಯುತ್ ಕ್ಷೇತ್ರ ತೀರ ಕ್ಷೀಣವಾದುದರಿಂದ ಮತ್ತೆ ಮೇಲೇಳಲಾರದು. ಮಾರ್ಗವನ್ನು ಮೊದಲ ಸಲ ಪರೀಕ್ಷಿಸುವಾಗ ಒತ್ತಡವನ್ನು ಒಮ್ಮೆಲೇ ಏರಿಸದೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಉಳಿದ ಚೂರುಗಳೆಲ್ಲ ಕುಣಿಕುಣಿದು ಆ ಬೋನುಗಳಿಗೆ ಬೀಳಲಿ ಎಂಬುದೇ ಇದರ ಉದ್ದೇಶ.

ಚೂರುಗಳು ಒಳಗೆ ಸೇರದಂತೆ ನೋಡಿಕೊಳ್ಳುವುದು ಇದಕ್ಕಿಂತ ಮೇಲು. ಸಂದು ಕೂಡಿಸುವ ಎಡೆಯಲ್ಲಿ ಧೂಳು ಬಾರದಂತೆ ಗುಡಾರ ಕಟ್ಟುತ್ತಾರೆ. ಕೆಲಸಗಾರರು ಎಳೆ ಉದುರದ ಬಟ್ಟೆ ತೊಟ್ಟು, ಕೈಗವಸು ಹಾಕಿ, ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿರುವಂತೆ ಇರುತ್ತಾರೆ. ಗೂಟವು ಬಟ್ಟಲಿನೊಳಗೆ ನೇರವಾಗಿ, ಎಷ್ಟು ಆಳ ಹೋಗಬೇಕೋ ಅಷ್ಟೇ ಆಳ ಹೋಗಬೇಕು. ಒಂದಿಷ್ಟು ಓರೆಯಾದರೂ ಬೆರಳುಗಳ ತುದಿ ಕೆರೆದು ಚೂರೇಳುತ್ತದೆ. ಕೂಡಿಸಿದ ಮೇಲೆ ನೂರು ಆಂಪಿಯರಿನಷ್ಟು ನೇರ ವಿದ್ಯುತ್ತನ್ನು ಹರಿಸಿ ಸಂದಿನ ರೋಧವನ್ನು ಮೈಕ್ರೋ ಓಮ್‌ಗಳಲ್ಲಿ ಅಳೆದು ಬರೆದಿಡುತ್ತಾರೆ. ಹೊರಕೊಳವೆಯ ಬೆಸುಗೆಯನ್ನು ಶ್ರವಣಾತೀತ ಶಬ್ದದ ಅಲೆಗಳಿಂದ ಪರೀಕ್ಷಿಸುತ್ತಾರೆ. ಬಳಿಕ ಒಳಗಿನ ಗಾಳಿಯನ್ನೂ ತೇವವನ್ನೂ ಪಂಪಿನಿಂದ ಹೊರಗೆಳೆದು ಅನಿಲವನ್ನು ತುಂಬುತ್ತಾರೆ.

ಇಂಥ ಕೆಲಸವನ್ನು ಎಷ್ಟು ಸಲ ಮಾಡಬೇಕಾಗುತ್ತದೆ ಎಂಬುದಕ್ಕೆ ಚೀನಾ ದೇಶದ ಯಾಂಗ್ಟ್ಸಿ ನದಿಯ ಉದಾಹರಣೆ ಸಾಕು. ಹರಿಹರದ ತುಂಗಭದ್ರೆಯಂಥ ನದಿಯನ್ನು ಎರಡು ದಡಗಳಲ್ಲಿ ಗೋಪುರ ನಿಲ್ಲಿಸಿ ತಂತಿಗಳಿಂದ ದಾಟಿಸಬಹುದು. ಸಮುದ್ರವನ್ನು ಸೇರುವ ಮುನ್ನ ಯಾಂಗ್ಟ್ಸಿ ಹಲವು ಕಿಲೋಮೀಟರ್ ಅಗಲವಾಗುತ್ತದೆ. ದೊಡ್ಡ ಹಡಗುಗಳು ಬಿಡುವಿಲ್ಲದೆ ಓಡಾಡುತ್ತವೆ. ಅಲ್ಲಿ ನದಿಯ ತಳದ ಕೆಳಗೆ ಸುಮಾರು ಐದೂವರೆ ಕಿಲೋಮೀಟರ್ ಉದ್ದದ ಸುರಂಗ ಕೊರೆದು, ಹತ್ತು ಲಕ್ಷ ವೋಲ್ಟಿನ ಅನಿಲ ಮಾರ್ಗವನ್ನು 2019ರಲ್ಲಿ ಆರಂಭಿಸಿದರು. ಮಾರ್ಗ ಎರಡು, ಒಂದೊಂದಕ್ಕೆ ಮೂರರಂತೆ ಒಟ್ಟು ಆರು ಕೊಳವೆಗಳು. ತುಂಡೊಂದು ಹದಿನೆಂಟು ಮೀಟರ್ ಎಂದು ಹಿಡಿದರೂ ಸಂದುಗಳ ಸಂಖ್ಯೆ ಸಾವಿರದ ಎಂಟುನೂರನ್ನು ಮುಟ್ಟುತ್ತದೆ. ಅವುಗಳಲ್ಲಿ ಒಂದು ಕೆಟ್ಟರೂ ಆ ಮಾರ್ಗ ಕತ್ತಲೆಯೇ.

ಈ ಅನಿಲದ ವಿಷಯದಲ್ಲಿ ಎರಡು ಎಚ್ಚರಿಕೆಗಳನ್ನು ಹೇಳದಿರಲಾಗದು. ಶುದ್ಧವಾಗಿದ್ದಾಗ ಅದು ವಿಷವಲ್ಲ. ಆದರೆ ಸೋರಿದರೆ ಭಾರದಿಂದಾಗಿ ಸುರಂಗದ ತಗ್ಗುಗಳಲ್ಲಿ ಮಡುಗಟ್ಟಿ ಆಮ್ಲಜನಕವನ್ನು ಮೇಲಕ್ಕೆ ತಳ್ಳಿಬಿಡುತ್ತದೆ. ವಾಸನೆಯಿಲ್ಲದುದರಿಂದ ಕೆಳಗಿಳಿದ ಕೆಲಸಗಾರನಿಗೆ ಸೂಚನೆಯೇ ಸಿಗದೆ ಉಸಿರು ಕಟ್ಟಬಹುದು. ಒಳಗೆ ವಿದ್ಯುತ್ತಿನ ಜ್ವಾಲೆ ಹೊತ್ತಿದ್ದರೆ ಅನಿಲ ಒಡೆದು ವಿಷವಸ್ತುಗಳೂ ಹುಟ್ಟಿರುತ್ತವೆ. ಎರಡನೆಯದು ಇಡೀ ಭೂಮಿಗೆ ಸಂಬಂಧಿಸಿದುದು. ಭೂಮಿಯ ಶಾಖವನ್ನು ಹಿಡಿದಿಡುವುದರಲ್ಲಿ ಈ ಅನಿಲವು ತೂಕಕ್ಕೆ ತೂಕ ಇಂಗಾಲದ ಡೈ ಆಕ್ಸೈಡಿಗಿಂತ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪಟ್ಟು ಪ್ರಬಲ. ಒಮ್ಮೆ ವಾಯುಮಂಡಲ ಸೇರಿದರೆ ಶತಮಾನಗಟ್ಟಲೆ ಅಲ್ಲಿಯೇ ಉಳಿಯುತ್ತದೆ. 1997ರ ಕ್ಯೋಟೋ ಒಪ್ಪಂದವು ಇದನ್ನು ಹತೋಟಿಯಲ್ಲಿಡಬೇಕಾದ ಅನಿಲಗಳ ಪಟ್ಟಿಗೆ ಸೇರಿಸಿತು. ಬದಲಿ ಅನಿಲಗಳನ್ನು, ಶುಷ್ಕ ಗಾಳಿಯನ್ನೂ ಸಹ, ಬಳಸುವ ಪ್ರಯತ್ನಗಳು ನಡೆದಿವೆ. ಅನಿಲ ಬದಲಾದರೂ ಒಳಗಿನ ವಾಹಕ ಹಿಗ್ಗುವುದು ನಿಲ್ಲದು. ಜಾರುವ ಸಂದೂ ತಪ್ಪದು.

ಇಷ್ಟೆಲ್ಲ ಎಚ್ಚರದ ಮೇಲೂ ಸಂದೊಂದು ಸೋತರೆ? ಕೊಳವೆಯೊಳಗೆ ಸಿಡಿತವಾದೊಡನೆ ವಿದ್ಯುತ್ತಿನ ಅಲೆಯೊಂದು ಎರಡೂ ತುದಿಗಳತ್ತ ಬೆಳಕಿನ ವೇಗದ ಹತ್ತಿರಹತ್ತಿರದ ವೇಗದಲ್ಲಿ ಧಾವಿಸುತ್ತದೆ. ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದಲ್ಲಿ ಅದು ಸುಮಾರು ಮುನ್ನೂರು ಮೀಟರ್ ಹೋಗುತ್ತದೆ. ಯಾವ ತುದಿಗೆ ಎಷ್ಟು ಮೊದಲು ತಲಪಿತೆಂಬುದನ್ನು ಉಪಕರಣಗಳು ಗುರುತಿಸಿದರೆ ಸಿಡಿತದ ಜಾಗ ತಿಳಿಯುತ್ತದೆ. ಆಗ ವಿದ್ಯುತ್ತನ್ನು ಕಡಿದು, ಆ ಭಾಗದ ಅನಿಲವನ್ನು ಹೊರಬಿಡದೆ ತೊಟ್ಟಿಗೆ ಎಳೆದುಕೊಂಡು, ಸುರಂಗಕ್ಕೆ ಗಾಳಿಯಾಡಿಸಿ, ಕೆಲಸಗಾರರು ಕೆಳಗಿಳಿಯುತ್ತಾರೆ. ಹೊರಕೊಳವೆಯನ್ನು ಕೊಯ್ದು ಸುಟ್ಟ ತುಂಡನ್ನು ತೆಗೆಯುತ್ತಾರೆ. ಕಂಬದ ಮೇಲೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ ಇಲ್ಲಿ ಹಲವು ದಿನಗಳನ್ನು ಬೇಡುತ್ತದೆ. ಹಳೆಯ ತುಂಡಿನ ಜಾಗದಲ್ಲಿ ಹೊಸ ತುಂಡು ಕೂರುತ್ತದೆ. ಅದರ ಎರಡು ತುದಿಗಳಲ್ಲಿ ಎರಡು ಹೊಸ ಸಂದುಗಳಾಗುತ್ತವೆ; ಅವುಗಳ ರೋಧವನ್ನು ಮತ್ತೆ ಅಳೆದು ಬರೆದಿಟ್ಟ ಮೇಲೆಯೇ ಕೊಳವೆಯನ್ನು ಮುಚ್ಚುತ್ತಾರೆ.